ಶೆನೀಲ್‌ಳ ಸಿಟ್ಟು

ಪ್ರಶ್ನೆ: ಕಾಲೇಜಿಗೆ ಹೋಗುವ ಮಗಳ ಜೊತೆ ‘ಸೇವ್ ದ ಲಾಸ್ಟ್ ಡಾನ್ಸ್’ ಎಂಬ ಹಳೆಯ ಅಮೆರಿಕನ್ ಸಿನಿಮಾ ನೋಡಿದೆ. ತಾಯಿಯನ್ನು ಕಳೆದುಕೊಂಡು ಅಪ್ಪನ ಬಳಿ ಶಿಕಾಗೋಗೆ ಬಂದ ಬಿಳಿಯ ಹುಡುಗಿ ಸಾರಾ, ಅವಳಿಗೆ ಹಿಪ್‌ಹಾಪ್ ಕಲಿಸುವ ಕಪ್ಪು ಹುಡುಗ ಡೆರೆಕ್. ಇಬ್ಬರಲ್ಲೂ ಪ್ರೀತಿ ಹುಟ್ಟುತ್ತದೆ. ಸಾರಾಳಿಗೆ ಆಪ್ತ ಗೆಳತಿಯಾಗಿದ್ದ ಡೆರೆಕ್‌ನ ಸೋದರಿ ಶೆನೀಲ್ ಅವಳ ಮೇಲೆಯೇ ತಿರುಗಿಬೀಳುತ್ತಾಳೆ. ಅಂತರ್ಜಾತಿ ಮದುವೆಗೆ ಅಡ್ಡಗಾಲು ಹಾಕುವ ನಮ್ಮ ನೆಂಟರಿಗೂ ಇವಳಿಗೂ ಏನು ವ್ಯತ್ಯಾಸ? ಮಗಳು ಮಾತ್ರ ಶೆನೀಲ್ ಪರ!
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಸರ ಮಾಡಿಕೊಳ್ಳಬೇಡಿ, ನನ್ನ ಮತ ನಿಮ್ಮ ಮಗಳಿಗೆ. ಮೊದಲ ಸಲ ನೋಡಿದಾಗ ನಾನೂ ಶೆನೀಲ್ ಮೇಲೆ ಹಲ್ಲು ಕಡಿದವಳೇ.

ಸಾರಾ ಮೇಲೆ ತಿರುಗಿಬೀಳುವ ಮಾತನ್ನು ಅವಳು ಎಲ್ಲಿ ಕುಳಿತು ಆಡುತ್ತಾಳೆ, ನೆನಪಿಸಿಕೊಳ್ಳಿ. ಆಸ್ಪತ್ರೆಯಲ್ಲಿ, ಕೂಸನ್ನು ಕಟ್ಟಿಕೊಂಡು, ಸರದಿ ಕಾಯುತ್ತಾ. ಕೂಸಿನ ಅಪ್ಪ ನೆಚ್ಚಿಕೊಳ್ಳುವಂಥವನಲ್ಲ. ಅಂಥ ಹೊತ್ತಿನಲ್ಲಿ ಸಾರಾ ತನ್ನ ದುಃಖ ತೋಡಿಕೊಳ್ಳುತ್ತಾಳೆ: ಡೆರೆಕ್‌ನ ಹಳೆಯ ಗೆಳತಿ ನಿಕ್ಕಿಯೊಂದಿಗೆ ಶಾಲೆಯಲ್ಲಿ ಹೊಡೆದಾಟವಾಯಿತು ಎಂದು. ಶೆನೀಲ್ ಸಮಾಧಾನ ಹೇಳುವುದಿಲ್ಲ. ಜೈಲು, ಮಾದಕ ವಸ್ತು, ಬೀದಿಯ ಗುಂಡು ಇವೆಲ್ಲ ನುಂಗಿದ ಮೇಲೆ ಉಳಿದ ನೆಟ್ಟಗಿನ ಹುಡುಗರು ಕೆಲವರೇ, ಅವರಲ್ಲೊಬ್ಬನನ್ನು ನೀನು ಬಂದು ತೆಗೆದುಕೊಂಡೆ ಎನ್ನುತ್ತಾಳೆ.

ನಮ್ಮ ನೆಂಟರ ಕೈಯಲ್ಲಿ ಆಸ್ತಿ ಇರುತ್ತದೆ, ಮನೆಯಿಂದ ಹೊರಗೆ ಹಾಕುವ ಬೆದರಿಕೆ ಇರುತ್ತದೆ. ಶೆನೀಲ್‌ಗೆ ಯಾರನ್ನೂ ಹೊರಗೆ ಹಾಕುವ ಶಕ್ತಿಯಿಲ್ಲ. ತನ್ನ ಪಾಲಿಗೆ ಏನೂ ಉಳಿಯದ ಸಂಕಟ ಅವಳದು. ಆ ಲೆಕ್ಕದಲ್ಲಿ ತಪ್ಪಿಲ್ಲವೆಂದಲ್ಲ. ಡೆರೆಕ್ ಯಾರ ಪಾಲಿಗೂ ಹಂಚುವ ಸರಕಲ್ಲ. ಆದರೆ ಅವಳನ್ನು ನೆಂಟರ ಸಾಲಿನಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ.

ಆ ಸಾಲಿನಲ್ಲಿ ಕೂರಬೇಕಾದವರು ಬೇರೆಯೇ ಇದ್ದರು. ಬಿಳಿಯರು ಕರಿಯರ ನಡುವಿನ ಮದುವೆಯನ್ನು ನಿಷೇಧಿಸುವ ಕಾನೂನುಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲೇ ರದ್ದು ಮಾಡಿತ್ತು. ಆದರೂ ಅಲಬಾಮ ರಾಜ್ಯ ತನ್ನ ಸಂವಿಧಾನದಿಂದ ಆ ನಿಷೇಧವನ್ನು ಅಳಿಸಿದ್ದು 2000ದ ನವೆಂಬರ್‌ನಲ್ಲಿ, ಜನರ ಮತ ಕೇಳಿ. ಆಗಲೂ ನೂರಕ್ಕೆ ಸುಮಾರು ನಲವತ್ತು ಮಂದಿ ಅದು ಇರಲಿ ಎಂದರು! ಈ ಚಿತ್ರ ತೆರೆಗೆ ಬಂದದ್ದು ಎರಡೇ ತಿಂಗಳ ನಂತರ, 2001ರ ಜನವರಿಯಲ್ಲಿ. ನಿರ್ದೇಶಕ ಥಾಮಸ್ ಕಾರ್ಟರ್ ಸ್ವತಃ ಕಪ್ಪು ಜನಾಂಗದವರು. ಶೆನೀಲ್‌ಳನ್ನು ಬರೀ ಖಳನಾಯಕಿ ಮಾಡದೆ ಅವಳ ಬಾಯಿಗೆ ನ್ಯಾಯವಾದ ಮಾತು ಕೊಟ್ಟದ್ದಕ್ಕೆ ಅದೂ ಒಂದು ಕಾರಣವಿರಬಹುದು. ಆ ಪಾತ್ರದ ಕೆರಿ ವಾಷಿಂಗ್ಟನ್ ಆಗಿನ್ನೂ ಹೊಸಬರು; ನನ್ನ ಕಣ್ಣಿಗೆ ನಾಯಕಿಗಿಂತ ಅವರೇ ಮೇಲು.

ಕುಣಿತದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಪಾಶ್ಚಾತ್ಯ ಶಾಸ್ತ್ರೀಯ ನೃತ್ಯವಾದ ಬ್ಯಾಲೆ ಕಲಿತ ಸಾರಾಳಿಗೆ ಕುರ್ಚಿಯಲ್ಲಿ ಹೇಗೆ ಕೂರಬೇಕು ಎಂಬುದನ್ನೂ ಡೆರೆಕ್ ಕಲಿಸಬೇಕಾಗುತ್ತದೆ. ಬ್ಯಾಲೆ ಮೈಯನ್ನು ಮೇಲಕ್ಕೆ ಎಳೆದು ನಿಲ್ಲಿಸುತ್ತದೆ, ಹಿಪ್‌ಹಾಪ್ ಮಂಡಿ ಸಡಿಲಿಸಿ ನೆಲಕ್ಕೆ ಇಳಿಸುತ್ತದೆ. ಚಿಕ್ಕಂದಿನಲ್ಲಿ ಅರೆಮಂಡಿ ಕೂರಲಾರದೆ ಭರತನಾಟ್ಯವನ್ನು ಎರಡೇ ವರ್ಷಕ್ಕೆ ಬಿಟ್ಟವಳು ನಾನು. ಸಾರಾಳ ಬಿಗಿದ ಬೆನ್ನು ನೋಡಿ ನನ್ನದೇ ಸೊಂಟ ಹಿಡಿದಂತಾಯಿತು.

ನನ್ನ ತಕರಾರು ಕೊನೆಯ ದೃಶ್ಯದ್ದು. ನ್ಯೂಯಾರ್ಕ್‌ನ ಹೆಸರಾಂತ ಕಲಾಶಾಲೆ ಜೂಲಿಯಾರ್ಡ್‌ನ ಪ್ರವೇಶ ಪರೀಕ್ಷೆಯಲ್ಲಿ ಸಾರಾ ಕುಣಿಯುತ್ತಾಳೆ, ಡೆರೆಕ್ ಓಡಿ ಬಂದು ಧೈರ್ಯ ತುಂಬುತ್ತಾನೆ, ಅವಳಿಗೆ ಸೀಟು ಸಿಗುತ್ತದೆ. ಅವನಿಗೂ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು, ವೈದ್ಯನಾಗುವ ಕನಸಿತ್ತು. ಅದಕ್ಕೆ ಇಷ್ಟು ದೀಪ, ಇಷ್ಟು ಸಂಗೀತ ಇರಲಿಲ್ಲ. ಇದನ್ನು ಮಗಳಿಗೆ ಹೇಳಿ ನೋಡಿ. ಅವಳು ಒಪ್ಪದಿದ್ದರೆ ಮುಂದಿನ ಪತ್ರ ಅವಳೇ ಬರೆಯಲಿ.