ಸಂಪಾದಕರ ಉತ್ತರ: ಅಮ್ಮ ಎರಡು ಸಲ ಕರೆದರಂತೆ

ಕಾಸರಗೋಡಿನ ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರ ವಿಜ್ಞಾನದ ಮಾಷ್ಟ್ರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು. ಅವರ ಚಿಕ್ಕಪ್ಪನ ಮಗ ದುಬೈಯಿಂದ ರಜೆಗೆ ಬರುವಾಗ ಆಪಲ್ ಕಂಪೆನಿಯ ವಿಷನ್ ಪ್ರೊ ತಂದಿದ್ದ. ಮುಖಕ್ಕೆ ಕಟ್ಟಿಕೊಳ್ಳುವ ಕಂಪ್ಯೂಟರ್ ಅದು. ಇವರು ಅರ್ಧ ಗಂಟೆ ಹಾಕಿಕೊಂಡು ನೋಡಿ ಬೆರಗಾದರು. "ನಮ್ಮ ಚಾವಡಿಯ ಗೋಡೆಯೇ ಕರಗಿ ಅಲ್ಲಿ ಹಿಮದ ಬೆಟ್ಟ ಬಂತು. ನಾನು ನೋಡುತ್ತಿದ್ದಾಗ ಅಮ್ಮ ಎರಡು ಸಲ ಕರೆದರಂತೆ, ನನಗೆ ಗೊತ್ತೇ ಆಗಲಿಲ್ಲ" ಎಂದು ಬರೆದಿದ್ದಾರೆ. ನನ್ನ ಮೇಲೆ ಒಂದು ದೂರೂ ಉಂಟು: "ಹೊಸ ಯಂತ್ರ ಕಂಡರೆ ನಿಮ್ಮ ಪತ್ರಿಕೆ ಮೂಗು ಮುರಿಯುತ್ತದೆ. ಮೊಬೈಲ್ ಕೂಡ ಮೊದಲು ದುಡ್ಡಿದ್ದವರ ಸೊತ್ತೇ ಆಗಿತ್ತು. ಹತ್ತು ವರ್ಷದಲ್ಲಿ ಇದೂ ಎಲ್ಲರ ಮನೆಗೆ ಬರುತ್ತದೆ." ಕೊನೆಗೆ ಒಂದು ಪ್ರಶ್ನೆ. ಹಳೆ ವಿದ್ಯಾರ್ಥಿಗಳು ಕೊಟ್ಟ 40,000 ರೂಪಾಯಿ ಪಿ.ಟಿ.ಎ. (ಅಧ್ಯಾಪಕ-ರಕ್ಷಕ ಸಂಘ) ಕೈಯಲ್ಲಿದೆ. ಅದರಲ್ಲಿ ಮಕ್ಕಳಿಗೆ ಇಂಥದ್ದೇ, ಮುಖಕ್ಕೆ ಕಟ್ಟುವ, ಮೆಟಾ ಕಂಪೆನಿಯ ಅಗ್ಗದ ಹೆಡ್‌ಸೆಟ್ ಒಂದನ್ನು ತರಿಸಬಹುದೇ?

ಪ್ರಿಯ ಮಾಷ್ಟ್ರೇ,

ನಿಮ್ಮ ಬೆರಗು ಸುಳ್ಳಲ್ಲ. ಆ ಯಂತ್ರದ ಎರಡು ಪುಟ್ಟ ಪರದೆಗಳಲ್ಲಿ ಒಟ್ಟು 2.3 ಕೋಟಿ ಚುಕ್ಕೆಗಳಿವೆ. ಒಂದೊಂದು ಕಣ್ಣಿಗೂ 4ಕೆ ಟಿವಿಗಿಂತ ಜಾಸ್ತಿ. ಕಣ್ಣು ಹೊರಳಿಸಿದರೆ, ಬೆರಳು ಚಿವುಟಿದರೆ ಸಾಕು, ಹೇಳಿದ ಕೆಲಸ ಮಾಡುತ್ತದೆ. ಶಸ್ತ್ರಚಿಕಿತ್ಸೆ ಕಲಿಯುವವರಿಗೆ, ದೊಡ್ಡ ಇಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಯುವವರಿಗೆ ಇಂಥದ್ದರಿಂದ ಉಪಕಾರ ಉಂಟು. ಇಷ್ಟನ್ನು ಒಪ್ಪಿಯೇ ಮುಂದೆ ಹೋಗುತ್ತೇನೆ. ಆದರೆ ಎಲ್ಲರ ಮನೆಗೆ ಬರುತ್ತದೆ ಎಂದಿರಲ್ಲ, ಅದನ್ನು ನಾನು ನಂಬುವುದಿಲ್ಲ. ನಂಬದಿರಲು ಕಾರಣ ನಿಮ್ಮ ಪತ್ರದಲ್ಲೇ ಇದೆ.

ಮೊದಲು ಮೊಬೈಲಿನ ಮಾತು. ಅದು ನಿಮ್ಮ ಪತ್ರದ ಗಟ್ಟಿ ಜಾಗ. ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಮೊದಲ ಕೈಫೋನು ಮೋಟೊರೋಲಾದ ಡೈನಾಟ್ಯಾಕ್. 1984ರ ಹೊತ್ತಿಗೆ ಅದರ ಬೆಲೆ 3,995 ಡಾಲರ್. ವಿಷನ್ ಪ್ರೊ 2024ರ ಫೆಬ್ರವರಿಯಲ್ಲಿ ಅಮೆರಿಕದ ಅಂಗಡಿಗೆ ಬಂದಾಗ 3,499 ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು ಮೂರು ಲಕ್ಷ ರೂಪಾಯಿ. ಸುಮ್ನೆ ಬೆಲೆ ನೋಡಿದರೆ ಎರಡೂ ಒಂದೇ ಅನ್ನಿಸುತ್ತದೆ. ಆದರೆ ಮೊಬೈಲ್ ಹುಟ್ಟುವ ಮೊದಲೇ ಜನರಿಗೆ ದೂರದಲ್ಲಿದ್ದವರ ಹತ್ತಿರ ಮಾತಾಡಬೇಕಿತ್ತು. ಉಪ್ಪಳದಲ್ಲಿ, ಕುಂಬಳೆಯಲ್ಲಿ ರಾತ್ರಿ ಎಸ್‌ಟಿಡಿ ಬೂತಿನ ಎದುರು ಸಾಲು ನಿಂತವರನ್ನು ನಾನು ಕಂಡಿದ್ದೇನೆ. ಗಂಡ ಶಾರ್ಜಾದಲ್ಲಿ, ಮಗ ದೋಹಾದಲ್ಲಿ. ಮೂರು ನಿಮಿಷದ ಮಾತಿಗಾಗಿ ಎರಡು ಗಂಟೆ ಕಾಯುತ್ತಿದ್ದರು. ನಮ್ಮ ದೇಶದಲ್ಲಿ ಮೊಬೈಲಿನ ಮೊದಲ ಕರೆ ಹೋದದ್ದು 1995ರ ಜುಲೈ 31ಕ್ಕೆ. ಆಗ ನಿಮಿಷಕ್ಕೆ 16 ರೂಪಾಯಿ, ಬಂದ ಕರೆಗೂ ದುಡ್ಡು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಆಮೇಲೆ ಮೀನು ಮಾರುವವರ ಸೊಂಟದಲ್ಲೂ ಮೊಬೈಲ್ ಬಂತು. ಹಸಿವು ಮೊದಲೇ ಇತ್ತು, ಬೆಲೆ ಇಳಿದು ಕೈಗೆ ಎಟುಕಿತು ಅಷ್ಟೆ. ಮುಖಕ್ಕೆ ಕಟ್ಟುವ ಕಂಪ್ಯೂಟರಿಗಾಗಿ ನಮ್ಮೂರಲ್ಲಿ ಯಾರು ಸಾಲು ನಿಂತು ಕಾದಿದ್ದಾರೆ? ಬೆಲೆಯಾದರೂ ಇಳಿಯಿತೇ ಎಂದರೆ ಅದೂ ಇಲ್ಲ. 2025ರ ಅಕ್ಟೋಬರಿನಲ್ಲಿ ಹೊಸ ಚಿಪ್ ಹಾಕಿ ಮತ್ತೆ ತಂದರು. ಆಗಲೂ ಅದೇ 3,499 ಡಾಲರ್.

ನಮ್ಮವರು ದುಡ್ಡು ಬಿಚ್ಚುವುದಿಲ್ಲ ಎಂದು ಮಾತ್ರ ಹೇಳಬೇಡಿ. ಅಡಿಕೆ ತೋಟದ ನಡುವೆ ಬೆಳೆದವರು ನೀವು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಲು, ಆಮೇಲೆ ಗೊನೆ ತೆಗೆಯಲು ಮರ ಹತ್ತುವ ಜನ ಸಿಗದೆ ಎಷ್ಟು ತೋಟಗಳು ಹಾಳಾದವು ಎಂದು ನಿಮಗೆ ಗೊತ್ತು. ಹತ್ತುವವರಿಗೆ ವಯಸ್ಸಾಯಿತು. ಅವರ ಮಕ್ಕಳು ಹತ್ತಲಿಲ್ಲ, ಅದು ಅವರ ತಪ್ಪೂ ಅಲ್ಲ. ಬಿದ್ದು ಸೊಂಟ ಮುರಿದುಕೊಂಡವರನ್ನು ಕಂಡ ಮೇಲೆ ಯಾರು ತಾನೇ ಮಗನನ್ನು ಮರ ಹತ್ತಿಸುತ್ತಾರೆ? ಆಗ ಕಾರ್ಬನ್ ಫೈಬರಿನ ದೋಟಿ ಬಂತು. ನೆಲದಲ್ಲೇ ನಿಂತು ಎತ್ತರದ ಮರಕ್ಕೆ ಮದ್ದು ಬಿಡಬಹುದು, ಗೊನೆ ಎಳೆಯಬಹುದು. ನಮ್ಮ ನೆರೆಮನೆಯವರು ಅದಕ್ಕೆ ಮುಕ್ಕಾಲು ಲಕ್ಷದ ಹತ್ತಿರ ಕೊಟ್ಟರು. ಒಂದು ಕೋಲು, ಅಷ್ಟು ದುಡ್ಡು! ಯಾರೂ ಜಾಹೀರಾತು ನೋಡಿ ತೆಗೆದುಕೊಂಡದ್ದಲ್ಲ. ಒಬ್ಬರ ತೋಟದಲ್ಲಿ ಕಂಡು ಇನ್ನೊಬ್ಬರು ತಂದರು. ಈಗ ಆ ಒಂದು ದೋಟಿ ಸುತ್ತಿನ ನಾಲ್ಕು ತೋಟಗಳನ್ನು ನೋಡಿಕೊಳ್ಳುತ್ತದೆ.

ನಾಲ್ಕು ತೋಟ ಎಂದೆ. ನನ್ನ ಮಾತಿನ ಗಂಟು ಇರುವುದು ಅಲ್ಲೇ. ನಮ್ಮ ಮನೆಗಳಲ್ಲಿ ದುಬಾರಿ ವಸ್ತು ನಿಲ್ಲಬೇಕಾದರೆ ಅದು ಹತ್ತು ಕೈಗೆ, ಹತ್ತು ಕಣ್ಣಿಗೆ ಆಗಿಬರಬೇಕು. ವಿಷನ್ ಪ್ರೊ ಹಾಗೆ ಆಗಿಬರುವುದಿಲ್ಲ. ಕೊಳ್ಳುವಾಗ ನಿಮ್ಮ ಮುಖವನ್ನು ಫೋನಿನಿಂದ ಅಳೆಯುತ್ತಾರೆ, ಆ ಅಳತೆಗೇ ಅದರ ಮೆತ್ತೆ ಬರುತ್ತದೆ. ಒಳಗೆ ಕನ್ನಡಕ ಹಿಡಿಸುವುದಿಲ್ಲ. ದೃಷ್ಟಿದೋಷ ಇದ್ದವರು ಝೈಸ್ ಕಂಪೆನಿಯ ಮಸೂರ ಬೇರೆಯೇ ಮಾಡಿಸಿ ಸಿಕ್ಕಿಸಬೇಕು. ಬರೀ ಓದುವ ನಂಬ್ರಕ್ಕೆ 99 ಡಾಲರ್, ಡಾಕ್ಟರ ಚೀಟಿಯ ನಂಬ್ರಕ್ಕೆ 149 ಡಾಲರ್. ನಮ್ಮ ಮನೆಯಲ್ಲಿ ಐದು ಜನ, ಮೂವರಿಗೆ ಕನ್ನಡಕ, ಮೂವರದ್ದೂ ಬೇರೆ ಬೇರೆ ನಂಬ್ರ. ನಿಮ್ಮ ಮನೆಯ ಲೆಕ್ಕವೂ ಹೆಚ್ಚುಕಡಿಮೆ ಹೀಗೇ ಇರಬಹುದು, ಅಲ್ವಾ? ತೂಕ 600 ಗ್ರಾಂ ದಾಟುತ್ತದೆ. ಸುಲಿದ ತೆಂಗಿನಕಾಯಿಯೊಂದನ್ನು ಹಣೆಗೆ ಕಟ್ಟಿಕೊಂಡ ಹಾಗೆ. ಬ್ಯಾಟರಿ ಬೇರೆ, ಅದು ವಯರಿನ ತುದಿಯಲ್ಲಿ ಜೇಬಿನಲ್ಲಿ. ಎರಡು ಗಂಟೆ ಆಯಿತೆಂದರೆ ಮತ್ತೆ ಚಾರ್ಜಿಗೆ.

ಮುಂಭಾಗದಲ್ಲಿ ಇನ್ನೊಂದು ಪರದೆ ಇರುವುದನ್ನು ನೋಡಿರಬೇಕು. ಹಾಕಿಕೊಂಡವರ ಕಣ್ಣಿನ ಚಿತ್ರ ಅದರಲ್ಲಿ ಹೊರಗಿನವರಿಗೆ ಕಾಣುತ್ತದೆ. ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಅದು. ಕಣ್ಣು ಮುಚ್ಚಿಟ್ಟರೆ ಎದುರಿದ್ದವರಿಗೆ ನೋವಾಗುತ್ತದೆ ಎಂದು ಮಾಡಿದವರಿಗೇ ಗೊತ್ತಿತ್ತು. ಮುಚ್ಚಿದ್ದನ್ನು ಮರಳಿಸಲು ಮತ್ತೊಂದು ಪರದೆ, ಮತ್ತಷ್ಟು ತೂಕ, ಮತ್ತಷ್ಟು ಬೆಲೆ. ಅಷ್ಟು ಮಾಡಿಯೂ ನಿಮ್ಮ ಅಮ್ಮ ಎರಡು ಸಲ ಕರೆಯಬೇಕಾಯಿತು. ಮಾಷ್ಟ್ರೇ, ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಸಾಲು ಅದು. ನೀವು ಅದನ್ನು ಯಂತ್ರದ ಹೆಚ್ಚುಗಾರಿಕೆ ಎಂದು ಬರೆದಿದ್ದೀರಿ. ಇನ್ನೊಮ್ಮೆ ಓದಿ ನೋಡಿ.

ನನ್ನ ಬಾಲ್ಯದ ಒಂದು ಸಂಗತಿ ಹೇಳುತ್ತೇನೆ. ನಮ್ಮ ತೋಟದ ಆಚೆ ಒಂದು ಬ್ಯಾರಿ ಕುಟುಂಬ ಇತ್ತು. ದೊಡ್ಡ ಮಗ ಗಲ್ಫಿಗೆ ಹೋದವನು ಮೊದಲ ರಜೆಯಲ್ಲಿ ಟೇಪ್‌ರೆಕಾರ್ಡರ್ ತಂದ. ಆ ಕಾಲಕ್ಕೆ ಅದು ಸಣ್ಣ ದುಡ್ಡಿನ ವಸ್ತು ಅಲ್ಲ. ಮರಳಿ ಹೋದ ಮೇಲೆ ಅವನು ಕಾಗದ ಬರೆಯುತ್ತಿರಲಿಲ್ಲ, ಕ್ಯಾಸೆಟಿನಲ್ಲಿ ಮಾತಾಡಿ ಕಳಿಸುತ್ತಿದ್ದ. ತಾಯಿಗೆ ಓದಲು ಬಾರದು. ಕ್ಯಾಸೆಟ್ ಬಂದ ದಿನ ಸಂಜೆ ಅವರ ಜಗಲಿಯಲ್ಲಿ ಹದಿನೈದು ಜನ. ನಾವೂ ಹೋಗುತ್ತಿದ್ದೆವು. ಅವನು ಒಬ್ಬೊಬ್ಬರ ಹೆಸರು ಹಿಡಿದು ವಿಚಾರಿಸುತ್ತಿದ್ದ, ನಮ್ಮ ಅಜ್ಜನ ಮೊಣಕಾಲು ನೋವನ್ನೂ ಕೇಳುತ್ತಿದ್ದ. ಆ ತಾಯಿ ಟೇಪ್‌ರೆಕಾರ್ಡರಿನ ಮುಖ ನೋಡಿ ಉತ್ತರ ಕೊಡುತ್ತಿದ್ದರು. ಆಮೇಲೆ ಅದೇ ಕ್ಯಾಸೆಟಿನ ಇನ್ನೊಂದು ಮಗ್ಗುಲಲ್ಲಿ ಎಲ್ಲರೂ ಒಂದೊಂದು ಮಾತು ಹೇಳಿ ಮರಳಿ ಕಳಿಸುವುದು. ನಮ್ಮ ಕಡೆ ಯಂತ್ರಗಳು ಮನೆ ಹೊಕ್ಕದ್ದು ಹೀಗೆ.

ಇದು ನಮ್ಮೂರಿನ ಮಾತು ಮಾತ್ರ ಎಂದುಕೊಳ್ಳಬೇಡಿ. ಎರಡು ಕಣ್ಣಿಗೆ ಎರಡು ಚಿತ್ರ ತೋರಿಸಿ ಆಳ ಕಾಣಿಸುವ ಉಪಾಯವನ್ನು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ಜಗತ್ತಿಗೆ ತಿಳಿಸಿದರು. 1861ರಲ್ಲಿ ಆಲಿವರ್ ವೆಂಡೆಲ್ ಹೋಮ್ಸ್ ಅದಕ್ಕೆ ಹಗುರವಾದ, ಕೈಯಲ್ಲಿ ಹಿಡಿಯುವ ಮಾದರಿ ಮಾಡಿದರು, ಪೇಟೆಂಟ್ ಮಾಡಿಕೊಳ್ಳದೆ ಬಿಟ್ಟುಕೊಟ್ಟರು. ಅದು ಮನೆಮನೆಗೆ ಹೋಯಿತು. ಅಗ್ಗ, ಮತ್ತೆ ಕ್ಷಣದಲ್ಲಿ ಕಣ್ಣಿನಿಂದ ತೆಗೆದು ಪಕ್ಕದವರಿಗೆ ದಾಟಿಸಬಹುದು. ಆಮೇಲೆ ಬಂದ, ಮುಖಕ್ಕೆ ಹಚ್ಚಿಕೊಂಡು ನೋಡುವ ಯಂತ್ರಗಳ ಕಥೆ ಹಾಗಲ್ಲ. ನಿಂಟೆಂಡೊದ ವರ್ಚುವಲ್ ಬಾಯ್ 1995ರಲ್ಲಿ ಬಂದು ಒಂದು ವರ್ಷ ಕೂಡ ಬಾಳಲಿಲ್ಲ. ಗೂಗಲ್ ಗ್ಲಾಸ್ 1,500 ಡಾಲರಿಗೆ ಮಾರಿ 2015ರಲ್ಲಿ ಜನಸಾಮಾನ್ಯರಿಗೆ ಮಾರುವುದನ್ನು ನಿಲ್ಲಿಸಿದರು. ಮೈಕ್ರೋಸಾಫ್ಟ್ ತನ್ನ 3,500 ಡಾಲರಿನ ಹೋಲೋಲೆನ್ಸ್ 2 ತಯಾರಿಸುವುದನ್ನು 2024ರಲ್ಲಿ ಬಿಟ್ಟಿತು. ಕನ್ನಡಕ ಹಾಕಿ ನೋಡುವ 3ಡಿ ಟಿವಿಗಳೂ ಹಾಗೇ ಮರೆಯಾದವು. ಮೆಟಾದವರು ಬೆಲೆ ಇಳಿಸಿಯೂ ನೋಡಿದರು. 2024ರ ಒಂದೇ ವರ್ಷದಲ್ಲಿ ಅವರ ಈ ವಿಭಾಗಕ್ಕೆ 1,700 ಕೋಟಿ ಡಾಲರಿಗಿಂತ ಜಾಸ್ತಿ ನಷ್ಟ. ಇವರೆಲ್ಲ ಜಗತ್ತಿನ ದೊಡ್ಡ ಕಂಪೆನಿಗಳು. ಇವರಿಗೆ ಬುದ್ಧಿಯೂ ಕಡಿಮೆಯಿಲ್ಲ, ದುಡ್ಡೂ ಕಡಿಮೆಯಿಲ್ಲ.

ಇಲ್ಲದ ಲೋಕವನ್ನು ಕಣ್ಣೆದುರು ತರುವುದು ನಮಗೆ ಹೊಸದೂ ಅಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ತಾಳಮದ್ದಳೆಯಲ್ಲಿ ವಾಲಿಯಾಗಿ ಕೂತದ್ದನ್ನು ನಾನು ಎರಡು ಸಲ ಕೇಳಿದ್ದೇನೆ. ವೇಷ ಇಲ್ಲ, ರಂಗಸ್ಥಳ ಇಲ್ಲ. ಜುಬ್ಬಾ, ಹೆಗಲಿಗೊಂದು ಶಾಲು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವಾಗ ಆ ಚಪ್ಪರದ ಕೆಳಗೆ ಕಾಡು ಇತ್ತು, ರಕ್ತ ಇತ್ತು, ಸಾಯುವವನ ಉಸಿರು ಇತ್ತು. ನನ್ನ ಪಕ್ಕದ ಅಜ್ಜ ಒಬ್ಬರು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು, ನಾನು ಕಂಡದ್ದನ್ನೇ ಅವರೂ ಕಂಡರು ಎಂದು ನನಗೆ ಆಗ ಗೊತ್ತಾಯಿತು. ಮರುದಿನ ಬೆಳಗ್ಗೆ ಬಸ್ಸಿನಲ್ಲಿ ಅದೇ ಚರ್ಚೆ: ರಾಮ ಮಾಡಿದ್ದು ಸರಿಯಾ? ನಿಮ್ಮ ಹಿಮದ ಬೆಟ್ಟವನ್ನು ನಿಮ್ಮ ಜತೆ ಕಂಡವರು ಯಾರು, ಮಾಷ್ಟ್ರೇ?

ಇನ್ನು ನಿಮ್ಮ ಶಾಲೆ. ಇಲ್ಲಿ ನನಗೆ ಸಿಟ್ಟು ಬರುತ್ತದೆ. ನಿಮ್ಮ ಮೇಲಲ್ಲ. 1956ರ ನವೆಂಬರ್ 1ರಿಂದ ನಾವು ಕೇರಳದವರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ತಗಾದೆ ನೋಡಲು ಕೇಂದ್ರ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಬರೆದದ್ದು ಕಾಗದದಲ್ಲೇ ಉಳಿಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ ಅದೇ ನೋವಿನಲ್ಲಿ ಹೋದರು. ಗಡಿ ಹಾಗಿರಲಿ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳಿಸುತ್ತಾರಲ್ಲ, ಅದಕ್ಕೆ ಏನೆನ್ನೋಣ? ಅಂಥ ಶಾಲೆಯೊಂದರ ಅಂಗಳದಲ್ಲಿ ಮಕ್ಕಳ ತಂದೆತಾಯಿಯರ ಜತೆ ನಾನೂ ಒಂದು ಇಡೀ ದಿನ ಕೂತಿದ್ದೇನೆ. ಏಳನೇ ತರಗತಿಯ ಹುಡುಗಿಯೊಬ್ಬಳು, "ಗಣಿತ ಕಷ್ಟ ಅಲ್ಲ, ಟೀಚರ್ ಹೇಳುವುದು ಯಾವ ಲೆಕ್ಕ ಅಂತಲೇ ಗೊತ್ತಾಗುವುದಿಲ್ಲ" ಎಂದಳು. ಆ ಮಗುವಿನ ಮುಖಕ್ಕೆ ಏನು ಕಟ್ಟಿದರೆ ಗಣಿತ ಅರ್ಥವಾದೀತು? ಹೆಡ್‌ಸೆಟ್ಟಿನ ಪಾಠಗಳನ್ನು ನಾನೂ ಕೆಲವನ್ನು ನೋಡಿದೆ, ಎಲ್ಲ ಇಂಗ್ಲಿಷಿನಲ್ಲೇ. ನೀವು ಬಣ್ಣದ ಸೀಮೆಸುಣ್ಣದಲ್ಲಿ ಹೃದಯ ಬರೆದು, ಹೃತ್ಕರ್ಣ ಇದು, ಹೃತ್ಕುಕ್ಷಿ ಇದು ಎಂದು ತೋರಿಸಿ, ಈಗ ಎದೆ ಮೇಲೆ ಕೈ ಇಡಿ ಅನ್ನುತ್ತೀರಂತೆ. ನಿಮ್ಮ ಹಳೆ ವಿದ್ಯಾರ್ಥಿಯೊಬ್ಬರು ನನಗೆ ಹೇಳಿದರು. ಅದಕ್ಕಿಂತ ದೊಡ್ಡ ಯಂತ್ರ ನಿಮ್ಮ ಶಾಲೆಗೆ ಬರಲಿಕ್ಕಿಲ್ಲ.

40,000 ರೂಪಾಯಿಯ ಲೆಕ್ಕ ಹೇಳಿಬಿಡುತ್ತೇನೆ. ಮೆಟಾದ ಕ್ವೆಸ್ಟ್ 3ಎಸ್ 2024ರಲ್ಲಿ ಬಂದಾಗ 299 ಡಾಲರ್ ಇತ್ತು, ನಿಮ್ಮ ದುಡ್ಡಿಗೆ ಒಂದು ಬಂದೀತು. ತರಗತಿಯಲ್ಲಿ 30 ಮಕ್ಕಳು. ಒಬ್ಬರಿಗೆ ಹತ್ತು ನಿಮಿಷ ಎಂದರೂ ಐದು ಗಂಟೆ, ಇಡೀ ದಿನದ ಶಾಲೆ ಮುಗಿಯಿತು. ಒಬ್ಬ ನೋಡುತ್ತಾನೆ, ಇಪ್ಪತ್ತೊಂಬತ್ತು ಮಕ್ಕಳು ಅವನ ಮುಖ ನೋಡುತ್ತಾರೆ. ಮತ್ತೆ ಅದು 10 ವರ್ಷಕ್ಕಿಂತ ಚಿಕ್ಕವರಿಗೆ ಬೇಡ ಎಂದು ಮೆಟಾದವರೇ ಹೇಳಿದ್ದಾರೆ. ಆಪಲ್‌ನವರು 13 ಎನ್ನುತ್ತಾರೆ. ಪರದೆ ಇರುವ ದೂರ ಒಂದು, ಕಣ್ಣಿಗೆ ಕಾಣುವ ದೂರ ಇನ್ನೊಂದು. ಅದರಿಂದ ಕಣ್ಣಿಗೆ ಆಯಾಸ, ಕೆಲವರಿಗೆ ತಲೆಸುತ್ತು. ನಿಮ್ಮ ಸಣ್ಣ ತರಗತಿಯ ಮಕ್ಕಳನ್ನು ಹೊರಗೆ ಕೂರಿಸಬೇಕಾಗುತ್ತದೆ.

ಒಂದು ಸಾಧಾರಣ ಪ್ರೊಜೆಕ್ಟರ್ ತೆಗೆದುಕೊಳ್ಳಿ. ಉಳಿದ ದುಡ್ಡಿನಲ್ಲಿ ಶಾಲೆಯ ಸೂಕ್ಷ್ಮದರ್ಶಕಕ್ಕೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ತನ್ನಿ. ಮಳೆಗಾಲದ ಆಟಿ ತಿಂಗಳಲ್ಲಿ ಮಕ್ಕಳಿಗೆ ಹೇಳಿ, ಮನೆ ತೋಟದಲ್ಲಿ ಕೊಳೆತು ಉದುರಿದ ಅಡಿಕೆ ಒಂದೊಂದು ತರಲಿ. ಅದರ ಮೇಲಿನ ಬಿಳಿ ಬೂಷ್ಟನ್ನು ಚೂರು ತೆಗೆದು ಗಾಜಿನ ಮೇಲಿಟ್ಟು ಗೋಡೆಗೆ ದೊಡ್ಡದಾಗಿ ಬಿಡಿ. ಅಪ್ಪನ ನಿದ್ದೆ ಕೆಡಿಸುವ ರೋಗ ಹೇಗಿದೆ ಎಂದು ಮೂವತ್ತು ಮಕ್ಕಳೂ ಒಟ್ಟಿಗೆ ನೋಡಲಿ. ಅವರ ಅಮ್ಮಂದಿರನ್ನೂ ಕರೆಯಿರಿ. ದಿನ ಗೊತ್ತಾದರೆ ಒಂದು ಕಾರ್ಡು ಹಾಕಿ, ಬೆಳಗ್ಗಿನ ಬಸ್ಸಿಗೆ ನಾನೂ ಬರುತ್ತೇನೆ.

ಸಂಪಾದಕ