ಓದುಗರ ಪ್ರಶ್ನೆ: ಕೂಸು ಗಂಡೋ ಹೆಣ್ಣೋ?

ಪ್ರಶ್ನೆ: ಮಗಳ ಕೂಸಿಗೆ ಎರಡು ತಿಂಗಳು. ಹುಟ್ಟಿದಾಗ ಗಂಡೋ ಹೆಣ್ಣೋ ತಿಳಿಯುವಂತಿರಲಿಲ್ಲ. ಹದಿನೈದನೇ ದಿನ ವಾಂತಿಯಾಗಿ, ಹಾಲು ಬಿಟ್ಟು ಆಸ್ಪತ್ರೆ ಸೇರಿತು. ‘21-ಹೈಡ್ರಾಕ್ಸಿಲೇಸ್ ಕೊರತೆ, ಎಕ್ಸ್‌ಎಕ್ಸ್’ ಎಂದು ಬರೆದು ಮಾತ್ರೆ ಕೊಟ್ಟಿದ್ದಾರೆ. ಹೆಣ್ಣೆಂದು ತೊಟ್ಟಿಲು ಶಾಸ್ತ್ರ ಮಾಡಬಹುದೇ? ಆಪರೇಷನ್ ಈಗಲೇ ಆಗಬೇಕೇ? ಮಗಳನ್ನು ನನ್ನ ತಮ್ಮನಿಗೇ ಕೊಟ್ಟಿದ್ದೇವೆ.
– ಅಜ್ಜಿ, ಹೊಸನಗರ ತಾಲ್ಲೂಕು

ಉತ್ತರ: ಧಾರಾಳವಾಗಿ ಮಾಡಿ ಅಮ್ಮ. ಎಕ್ಸ್‌ಎಕ್ಸ್ ಎಂದರೆ ಸಾಮಾನ್ಯವಾಗಿ ಹೆಂಗಸರಲ್ಲಿರುವ ವರ್ಣತಂತು (ಕ್ರೋಮೋಸೋಮ್) ಜೋಡಿ. ಇಂಥ ಎಕ್ಸ್‌ಎಕ್ಸ್ ಕೂಸಿಗೆ ಒಳಗೆ ಗರ್ಭಕೋಶ, ಅಂಡಾಶಯ ಇರುತ್ತವೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ 21-ಹೈಡ್ರಾಕ್ಸಿಲೇಸ್ ಎಂಬ ಕಿಣ್ವದ ಕೊರತೆಯಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ತಯಾರಿಸಲಾಗದೆ, ಅದರ ಕಚ್ಚಾ ಸರಕೆಲ್ಲ ಗಂಡು ಹಾರ್ಮೋನಿನ ದಾರಿ ಹಿಡಿದಿದ್ದರಿಂದ ಹೊರಗಿನ ಅಂಗ ಮಾತ್ರ ಬೇರೆಯಾಗಿ ಕಂಡಿದೆ. ಹೆಣ್ಣಾಗಿ ಬೆಳೆಸುವುದೇ ರೂಢಿ. ಹಾಗೆ ಬೆಳೆದವರಲ್ಲಿ ಹೆಚ್ಚಿನವರು ದೊಡ್ಡವರಾದ ಮೇಲೂ ತಮ್ಮನ್ನು ಹೆಣ್ಣೆಂದೇ ಹೇಳಿಕೊಳ್ಳುತ್ತಾರೆ. ಎಲ್ಲರೂ ಅಲ್ಲ; ಮುಂದೆ ಅದು ಬೇರೆ ಮಾತಾಡಿದರೆ ಕೇಳಿಸಿಕೊಳ್ಳಿ.

ಆಪರೇಷನ್‌ಗೆ ಅವಸರವಿಲ್ಲ. ಮೂತ್ರ ಹೋಗಲು ಅಡ್ಡಿಯಿದ್ದರೆ ಆ ಮಾತು ಬೇರೆ. ನೋಡುವವರ ಕಣ್ಣಿಗೆ ಸರಿ ಕಾಣಲೆಂದು ಕೊಯ್ದದ್ದನ್ನು ಮತ್ತೆ ಕೂಡಿಸಲಾಗದು. ಮದರಾಸು ಹೈಕೋರ್ಟಿನ ತೀರ್ಪಿನ ಮೇಲೆ ತಮಿಳುನಾಡು 2019ರಲ್ಲಿ, ಜೀವಕ್ಕೆ ಅಪಾಯವಿದ್ದರೆ ಹೊರತು, ಶಿಶುಗಳಿಗೆ ಇಂಥ ಶಸ್ತ್ರಕ್ರಿಯೆ ನಿಷೇಧಿಸಿತು.

ನಮಗೆ ಚಿಂತೆಯಿರುವುದು ಉಪ್ಪಿನದು. ಸೋಡಿಯಂ ಮೂತ್ರದಲ್ಲಿ ಸೋರಿ, ಪೊಟ್ಯಾಸಿಯಂ ಏರಿದ್ದರಿಂದಲೇ ಆ ವಾಂತಿ. ಕಾರ್ಟಿಸಾಲ್‌ನ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಸಾಮಾನ್ಯವಾಗಿ ದಿನಕ್ಕೆ 3 ಸಲ. ಒಂದು ಹೊತ್ತೂ ತಪ್ಪಬಾರದು, ಕೂಸು ಗುಂಡಗಾಯಿತೆಂದು ನಿಲ್ಲಿಸಲೂಬಾರದು. ಜೊತೆಗೆ ಉಪ್ಪನ್ನು ದೇಹದಲ್ಲಿ ಉಳಿಸುವ ಫ್ಲೂಡ್ರೋಕಾರ್ಟಿಸೋನ್, ಮತ್ತು ಮೊದಲ ವರ್ಷ ದಿನಕ್ಕೆ 1–2 ಗ್ರಾಂ ಉಪ್ಪು, ಹಲವು ಸಲಕ್ಕೆ ಹಂಚಿ. ಚಿಟಿಕೆ ಲೆಕ್ಕ ಬೇಡ, ವೈದ್ಯರು ಬರೆದ ಅಳತೆಯೇ ಆಗಬೇಕು. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೈಡ್ರೋಕಾರ್ಟಿಸೋನ್ ಎರಡು ಪಟ್ಟು, 39 ದಾಟಿದರೆ ಮೂರು ಪಟ್ಟು ಮಾಡುವುದು ವಾಡಿಕೆ. ನಿಮ್ಮ ಕೂಸಿನ ಲೆಕ್ಕವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮಾತ್ರೆ ಕೊಟ್ಟ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಮ್ಮೆ ಕೊಡಿ. ಅದೂ ಹೊರಬಂದರೆ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ನೇ ಗತಿ, ಈ ವಯಸ್ಸಿಗೆ 25 ಮಿ.ಗ್ರಾಂ. ಆಷಾಢದ ಮಳೆಗೆ ಮರ ಬಿದ್ದು ರಸ್ತೆ ಕಟ್ಟಿದರೆ ಶಿವಮೊಗ್ಗ ತಲುಪುವುದು ಯಾವಾಗಲೋ! ಇಂಜೆಕ್ಷನ್ ಮನೆಯಲ್ಲೇ ಇರಲಿ, ಚುಚ್ಚುವುದನ್ನು ಮಗಳೂ ನಿಮ್ಮ ತಮ್ಮನೂ ಕಲಿಯಲಿ.

ತಂದೆತಾಯಿ ಇಬ್ಬರಿಂದಲೂ ಬಂದರಷ್ಟೇ ಕಾಣುವ ದೋಷ ಇದು. ಒಳಸಂಬಂಧದಲ್ಲಿ ಹಾಗಾಗುವ ಸಂಭವ ಹೆಚ್ಚು. ಮುಂದಿನ ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು. ಆ ಕೂಸು ಗಂಡಾದರೆ ಹೊರಗೆ ಏನೂ ಕಾಣುವುದಿಲ್ಲ, ಮೋಸ ಹೋಗುವುದೇ ಅಲ್ಲಿ. ಹುಟ್ಟಿದ 48 ಗಂಟೆ ಕಳೆದ ಮೇಲೆ, ಕಾರ್ಟಿಸಾಲ್‌ನ ಕಚ್ಚಾ ಸರಕು ರಕ್ತದಲ್ಲಿ ಎಷ್ಟಿದೆಯೆಂದು ತಿಳಿಸುವ 17-ಒಎಚ್‌ಪಿ ರಕ್ತಪರೀಕ್ಷೆ ಮಾಡಿಸಿ.

ಪ್ರಶ್ನೆ: ನನಗೆ 18. ಮುಟ್ಟಾಗಿಲ್ಲ. ಪರೀಕ್ಷೆಯಲ್ಲಿ ಎಕ್ಸ್‌ವೈ ಬಂದಿದೆ. ಹಾಗಾದರೆ ನಾನು ಗಂಡೇ?
– ತೀರ್ಥಹಳ್ಳಿ

ಉತ್ತರ: ಎಕ್ಸ್‌ವೈ ಸಾಮಾನ್ಯವಾಗಿ ಗಂಡಸರಲ್ಲಿರುವ ವರ್ಣತಂತು ಜೋಡಿ, ನಿಜ. ಆದರೆ ಆ ಎರಡಕ್ಷರಕ್ಕೆ ಅಷ್ಟು ಅಧಿಕಾರವಿಲ್ಲ. ಲಿಂಗವೆಂದು ನಾವು ಒಂದೇ ಮಾತಿನಲ್ಲಿ ಅನ್ನುವುದರೊಳಗೆ ವರ್ಣತಂತು, ಬೀಜಗ್ರಂಥಿ, ಹಾರ್ಮೋನು, ಒಳ ಅಂಗ, ಹೊರ ಅಂಗ ಇಷ್ಟೂ ಇವೆ. ಹೆಚ್ಚಿನವರಲ್ಲಿ ಎಲ್ಲವೂ ಒಂದೇ ಕಡೆ ಮುಖ ಮಾಡಿರುತ್ತವೆ, ಕೆಲವರಲ್ಲಿ ಇಲ್ಲ. ಗರ್ಭದ ಮೊದಲ ಆರು ವಾರ ಎಲ್ಲರ ಬೀಜಗ್ರಂಥಿಯೂ ಒಂದೇ ಬಗೆ. ಅದನ್ನು ವೃಷಣವಾಗಿಸುವುದು ವೈ ಮೇಲಿನ ಎಸ್‌ಆರ್‌ವೈ ಎಂಬ ಜೀನ್, 1990ರಲ್ಲಿ ಪತ್ತೆಯಾದದ್ದು.

ನೀವು ಕೇಳಬೇಕಾದ್ದು: ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಕಂಡಿದೆಯೇ? ಅದಿಲ್ಲದೆ ಎದೆ ಚೆನ್ನಾಗಿ ಬೆಳೆದಿದ್ದರೆ, ಒಳಗೆ ವೃಷಣವಿದ್ದೂ ದೇಹ ಅದರ ಹಾರ್ಮೋನಿಗೆ ಓಗೊಡದ ಸ್ಥಿತಿಯಿರಬಹುದು. ಆಗ ವೃಷಣ ತೆಗೆಸಲು ಆತುರ ಬೇಡ; ತೆಗೆದರೆ ಮುಂದೆ ವರ್ಷಗಟ್ಟಲೆ ಈಸ್ಟ್ರೋಜೆನ್ ತೆಗೆದುಕೊಳ್ಳಬೇಕು. ಗರ್ಭಕೋಶ ಇದ್ದು ಎದೆ ಬೆಳೆಯದಿದ್ದರೆ ತಡಮಾಡಬೇಡಿ. ಅಲ್ಲಿ ಬೀಜಗ್ರಂಥಿ ಬೆಳೆಯದೆ ಉಳಿದ ನಾರಿನ ಪಟ್ಟಿಯಷ್ಟೇ, ಅದರಲ್ಲಿ ಗಡ್ಡೆಯಾಗುವ ಅಪಾಯ ಹೆಚ್ಚು.