ಕೆತ್ತಿದ ಕುಂಬಳ ಬೇಗ ಕೊಳೆಯುವುದಕ್ಕೆ ಪರಿಹಾರ

ನ್ಯೂಜೆರ್ಸಿಯಲ್ಲಿ ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆಂದು, ಒಳಗೆ ದೀಪವಿಡಲು ನೀವು ಕೆತ್ತಿದ ಸಿಹಿಗುಂಬಳ ಮೂರೇ ದಿನಕ್ಕೆ ಬೂಸ್ಟು ಹಿಡಿದು ಕುಸಿದದ್ದಕ್ಕೆ ಬಹುಶಃ ಒಳಗೆ ಉಳಿದ ನಾರು ಕಾರಣ. ಹವೆ ಬೆಚ್ಚಗಿದ್ದರೆ ಅದೂ ಸೇರಿರಬಹುದು.

ಹೊಸ ಕಾಯಿಯ ಬೀಜ, ನಾರು ತೆಗೆದು, ಗಟ್ಟಿ ತಿರುಳು ಸಿಗುವವರೆಗೆ ಚಮಚದಿಂದ ಕೆರೆಯಿರಿ. ಗೋಡೆ ಎರಡೂವರೆ ಸೆಂಟಿಮೀಟರ್‌ಗಿಂತ ತೆಳುವಾಗದಿರಲಿ. ಕೆತ್ತಿದ ಮೇಲೆ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚ್ ಬೆರೆಸಿ, ಒಳಗೂ ಕತ್ತರಿಸಿದ ಅಂಚುಗಳಿಗೂ ಸಿಂಪಡಿಸಿ, ಬೋರಲಾಗಿಟ್ಟು ಒಣಗಿಸಿ. ಮೇಣದಬತ್ತಿಯ ಬಿಸಿಗೆ ಕಾಯಿ ಒಳಗೇ ಬೇಯುತ್ತದೆ. ಎಲ್‌ಇಡಿ ದೀಪವೇ ವಾಸಿ. ಇಷ್ಟಾದರೂ ವಾರ ಬಾಳುತ್ತದೆಂಬ ಖಾತರಿಯಿಲ್ಲ, ಆದ್ದರಿಂದ ಅಕ್ಟೋಬರ್ 29ಕ್ಕೆ ಮೊದಲು ಕೆತ್ತಬೇಡಿ.

‘ಕುಂಬಳವೇ ಏಕೆ?’ ಎಂಬ ನಿಮ್ಮ ಮಗಳ ಪ್ರಶ್ನೆಗೆ: ಐರ್ಲೆಂಡ್‌ನಲ್ಲಿ ಅಲೆಯುವ ಆತ್ಮಗಳನ್ನು ದೂರವಿಡಲು ಟರ್ನಿಪ್ ಗೆಡ್ಡೆ ಕೆತ್ತುತ್ತಿದ್ದರು. ಅಮೆರಿಕಕ್ಕೆ ವಲಸೆ ಬಂದವರಿಗೆ ಕುಂಬಳ ಸಿಕ್ಕಿತು. ಕೆತ್ತಲು ಅದು ಎಷ್ಟೋ ಸುಲಭ.